ಬಿಎಲ್ ಮಂಗಾಗೆ ಮಾರ್ಕ್ಸ್ ಕೊಡುವುದು ಹೇಗೆ? ಚಿತ್ರಕ್ಕೆ ಎಷ್ಟು, ಕಥೆಗೆ ಎಷ್ಟು?

ಕಾಫಿಪುಡಿ
ಎಲ್ಲರಿಗೂ ನಮಸ್ಕಾರ. ಇಲ್ಲಿ ಬಿಎಲ್ ಓದುವವರು ನಾಲ್ಕೈದು ಜನ ಇದ್ದೀರಿ ಅಂತ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ. ಗೊತ್ತಿಲ್ಲದವರಿಗೆ: ಬಿಎಲ್ ಅಂದರೆ ಬಾಯ್ಸ್ ಲವ್. ಗಂಡು ಗಂಡಿನ ನಡುವಿನ ಪ್ರೀತಿಯ ಮಂಗಾ, ಅಂದರೆ ಜಪಾನಿ ಕಾಮಿಕ್ಸು. ಬರೆಯುವವರೂ ಓದುವವರೂ ಹೆಚ್ಚಾಗಿ ಹೆಂಗಸರೇ.

ನನ್ನ ಹತ್ತಿರ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಮೂರು ವರ್ಷದಿಂದ ಓದಿದ ಪ್ರತಿ ಪುಸ್ತಕಕ್ಕೂ ಅದರಲ್ಲಿ ಎರಡು ಕಾಲಂ. ಚಿತ್ರಕ್ಕೆ 10ಕ್ಕೆ ಎಷ್ಟು, ಕಥೆಗೆ 10ಕ್ಕೆ ಎಷ್ಟು. ಕೂಡಿಸಿದರೆ 20ಕ್ಕೆ ಮಾರ್ಕ್ಸು. ನಗಬೇಡಿ, ನಾನು ಅಕೌಂಟ್ಸ್‌ನವಳು.

ಕಳೆದ ಭಾನುವಾರ ಸುಮ್ನೆ ತಿರುವಿ ಹಾಕುತ್ತಿದ್ದೆ. 17, 18 ಬಂದ ಪುಸ್ತಕಗಳಲ್ಲಿ ಅರ್ಧಕ್ಕರ್ಧ ಏನು ಕಥೆ ಅಂತಲೇ ನೆನಪಿಲ್ಲ. ಆದರೆ ಯೊನೆದಾ ಕೋ ಅವರ 'ನೋ ಟಚಿಂಗ್ ಅಟ್ ಆಲ್' ಅನ್ನು ನಾಲ್ಕು ಸಲ ಓದಿದ್ದೇನೆ. ಅದಕ್ಕೆ ನಾನೇ ಕೊಟ್ಟಿರುವುದು 6 ಮತ್ತು 6, ಒಟ್ಟು 12. ಪಕ್ಕದಲ್ಲಿ ಷರಾ ಬೇರೆ ಇದೆ: "ಎಲ್ಲರೂ ಸೂಟು, ಎಲ್ಲರೂ ಒಂದೇ ಥರ. ಆಫೀಸು, ಸಿಗರೇಟು, ಅಷ್ಟೇ." ಹಾಗಿದ್ದರೆ ನಾಲ್ಕು ಸಲ ಯಾಕೆ ಓದಿದೆ? ಲೆಕ್ಕ ಎಲ್ಲಿ ತಪ್ಪಿದೆ ಹೇಳಿ.

ಬಿಕಾಂ_ಫೇಲ್
20ಕ್ಕೆ 12 ಅಂದ್ರೆ ಫಸ್ಟ್ ಕ್ಲಾಸು. ಲೆಕ್ಕ ಸರಿಯಾಗೇ ಇದೆ.

ಪೆನ್ಸಿಲ್‌ತುದಿ
ಕಾಲಂ ಎರಡು ಮಾಡಿದ್ದೇ ತಪ್ಪು. ನಾನು ಚಿತ್ರ ಬರೆದು ಹೊಟ್ಟೆ ಹೊರೆಯುವವನು, ಮಕ್ಕಳ ಪುಸ್ತಕಗಳಿಗೆ ಹಸು, ಎಮ್ಮೆ, ಅಜ್ಜಿ, ರೈಲು ಬರೆಯುತ್ತೇನೆ. ಮಂಗಾ ಓದಿ "ಚಿತ್ರ ಚೆನ್ನಾಗಿದೆ, ಕಥೆ ಸುಮಾರು" ಅನ್ನುವುದು "ಸಾರಿನ ನೀರು ಚೆನ್ನಾಗಿತ್ತು, ಬೇಳೆ ಸುಮಾರು" ಅಂದ ಹಾಗೆ. ಕುದಿದ ಮೇಲೆ ಬೇರೆ ಮಾಡಲು ಆಗುತ್ತದೆಯೇ?

ನಾಕಾಮುರಾ ಅಸುಮಿಕೋ ಅವರ 'ದೋಕ್ಯೂಸೇಯ್' ತೆಗೆದುಕೊಳ್ಳಿ. ಸಹಪಾಠಿ ಅಂತ ಅರ್ಥ. ಪುಸ್ತಕವಾಗಿ ಬಂದದ್ದು 2008ರಲ್ಲಿ. ಗಂಡುಮಕ್ಕಳ ಶಾಲೆ, ಕೋರಸ್ ಹಾಡಿಗೆ ತಯಾರಿ ನಡೆದಿದೆ. ಓದಿನಲ್ಲಿ ಎಲ್ಲರಿಗಿಂತ ಮುಂದಿರುವ ಸಾಜೋ ಅಭ್ಯಾಸದಲ್ಲಿ ಬಾಯಿ ಬಿಟ್ಟು ಹಾಡುವುದೇ ಇಲ್ಲ. ಇವನಿಗೆ ಜಂಭ ಅಂತ ಕುಸಾಕಾಬೆ ಅಂದುಕೊಳ್ಳುತ್ತಾನೆ. ಆಮೇಲೆ ಶಾಲೆ ಬಿಟ್ಟ ಹೊತ್ತಿನಲ್ಲಿ, ಖಾಲಿ ಕ್ಲಾಸಿನಲ್ಲಿ, ಸಾಜೋ ಒಬ್ಬನೇ ಹಾಡು ಕಲಿಯುತ್ತಿರುವುದು ಅವನ ಕಣ್ಣಿಗೆ ಬೀಳುತ್ತದೆ. ನಾನು ಹೇಳಿಕೊಡಲಾ ಅನ್ನುತ್ತಾನೆ. ಕಥೆ ಅಂತ ಹೇಳಿದರೆ ಇಷ್ಟೇ. ನಿಮ್ಮ ನೋಟ್‌ಬುಕ್‌ನಲ್ಲಿ 5 ಬಿದ್ದರೆ ಹೆಚ್ಚು.

ಈಗ ಗೆರೆ ನೋಡಿ. ಕುತ್ತಿಗೆ ಉದ್ದ, ಬೆರಳು ಉದ್ದ, ಹುಡುಗರು ನುಗ್ಗೇಕಾಯಿ ಥರ ಇದ್ದಾರೆ. ಅನಾಟಮಿ ಪರೀಕ್ಷೆ ಇಟ್ಟರೆ ಫೇಲು. ಆದರೆ ಆ ಕುತ್ತಿಗೆ ಬಾಗಿದರೆ ನಾಚಿಕೆ ಕೆನ್ನೆಯಲ್ಲೇ ನಿಲ್ಲುವುದಿಲ್ಲ, ಬೆನ್ನಿನ ತನಕ ಇಳಿಯುತ್ತದೆ. ಸ್ಕ್ರೀನ್‌ಟೋನ್ ಅಂದರೆ ಬೂದು ಬಣ್ಣಕ್ಕೆ ಅಂಟಿಸುವ ಚುಕ್ಕಿ ಹಾಳೆ, ಅದನ್ನು ಎಷ್ಟು ಕಡಿಮೆ ಬಳಸಿದ್ದಾರೆ ಗಮನಿಸಿ. ಹಿಂದೆ ಬರೀ ಬಿಳಿ. ಬೇಸಿಗೆ ಅಂತ ಎಲ್ಲೂ ಬರೆಯದೆ ಇದ್ದರೂ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಇದು ಚಿತ್ರವೋ ಕಥೆಯೋ, ಯಾವ ಕಾಲಂಗೆ ಹಾಕುತ್ತೀರಿ?

ಉಪ್ಪಿಟ್ಟುವಿರೋಧಿ
ಶುರುವಾಯ್ತು. ನಮಗೆ ಇಷ್ಟವಾದವರು ಕುತ್ತಿಗೆ ಉದ್ದ ಬರೆದರೆ ಶೈಲಿ, ಇಷ್ಟವಾಗದವರು ಬರೆದರೆ ತಪ್ಪು! 'ಜುಂಜೋ ರೊಮಾಂಟಿಕಾ' ಕೈಗಳನ್ನು ನೋಡಿ ಇದೇ ಜನ ಬಿದ್ದು ಬಿದ್ದು ನಗುತ್ತಾರೆ. ಅಂಗೈ ಮುಖಕ್ಕಿಂತ ದೊಡ್ಡದು, ಭುಜ ಬಾಗಿಲಷ್ಟು ಅಗಲ, ಮೇಲೆ ನಿಂಬೆಹಣ್ಣಿನ ಹಾಗೆ ಒಂದು ತಲೆ. ಆ ಕೈಗೆ 'ಯಾವೋಯಿ ಕೈ' ಅಂತ ಹೆಸರೇ ಬಿದ್ದುಹೋಗಿದೆ (ಯಾವೋಯಿ ಅಂದರೆ ಬಿಎಲ್‌ಗೇ ಇನ್ನೊಂದು ಹಳೇ ಹೆಸರು). ಅದೂ ಶೈಲಿಯೇ ಅಲ್ವಾ ಸ್ವಾಮಿ? ನುಗ್ಗೇಕಾಯಿಗೆ ಒಂದು ನ್ಯಾಯ, ಬದನೆಕಾಯಿಗೆ ಒಂದು ನ್ಯಾಯ?

ಪೆನ್ಸಿಲ್‌ತುದಿ
ಒಪ್ಪಿದೆ, ಅದೂ ಶೈಲಿಯೇ. ನಾನು ಕೇಳುವುದು, ಆ ತಪ್ಪು ಏನಾದರೂ ಕೆಲಸ ಮಾಡುತ್ತಿದೆಯಾ ಅಂತ. ಆ ದೊಡ್ಡ ಕೈ ಖಂಡಿತ ಮಾಡುತ್ತದೆ. ಯಾರು ಯಾರನ್ನು ಆವರಿಸಿಕೊಳ್ಳುತ್ತಾರೆ, ಮುಂದೆ ಬೀಳುವ 'ಸೆಮೆ' ಯಾರು, ಒಪ್ಪಿಸಿಕೊಳ್ಳುವ 'ಉಕೆ' ಯಾರು ಅಂತ ಒಂದೇ ನೋಟಕ್ಕೆ ಹೇಳಿಬಿಡುತ್ತದೆ. ತೊಂದರೆ ಏನು ಗೊತ್ತಾ, ಮೊದಲ ಸಂಪುಟದಲ್ಲಿ ಹೇಳಿದ್ದನ್ನೇ ಇಪ್ಪತ್ತು ಸಂಪುಟ ದಾಟಿದ ಮೇಲೂ ಹೇಳುತ್ತಿದೆ. ನಾಕಾಮುರಾ ಅವರ ಕುತ್ತಿಗೆ ಒಂದೊಂದು ಪುಟದಲ್ಲಿ ಒಂದೊಂದು ಮಾತು ಆಡುತ್ತದೆ. (ಜುಂಜೋ ಬರೆಯುವವರೂ ನಾಕಾಮುರಾ ಅವರೇ, ನಾಕಾಮುರಾ ಶುಂಗಿಕು. ಅವರು ಬೇರೆ, ಇವರು ಬೇರೆ, ಗಲಿಬಿಲಿ ಮಾಡಿಕೊಳ್ಳಬೇಡಿ.)

ಉಪ್ಪಿಟ್ಟುವಿರೋಧಿ
ಜುಂಜೋ ಓದಿ ನಾನು ನಕ್ಕಷ್ಟು ನಿಮ್ಮ ನುಗ್ಗೇಕಾಯಿ ಓದಿ ನಕ್ಕಿಲ್ಲ. ನಗಿಸುವುದೂ ಕೆಲಸವೇ.

ಮಲೆನಾಡ_ಜಡಿಮಳೆ
ವಿಷಯ ಬಿಟ್ಟು ಒಂದು ಮಾತು. ಮೊನ್ನೆ ನಮ್ಮಮ್ಮ ಫೋನಿನಲ್ಲಿ ಚಿಕ್ಕಮ್ಮನ ಹತ್ತಿರ ಗೋಳು ಹೇಳಿಕೊಳ್ಳುತ್ತಿದ್ದರು, "ಇವಳು ಇಂಜಿನಿಯರಿಂಗ್ ಮುಗಿಸಿ ಮನೇಲಿ ಕೂತು ಮಂಗ ಓದ್ತಾಳೆ" ಅಂತ. ಚಿಕ್ಕಮ್ಮನ ತೋಟದಲ್ಲಿ ಮಂಗನ ಕಾಟಕ್ಕೆ ಒಂದು ಬಾಳೆಗೊನೆ ಉಳಿಯುತ್ತಿಲ್ಲ. "ಓದಿದ ಮೇಲೆ ಓಡಿಸೋದು ಹೇಗೆ ಅಂತ ನನಗೂ ಹೇಳೋಕೆ ಹೇಳು" ಅಂದರಂತೆ.

ಬಿಕಾಂ_ಫೇಲ್
ಜುಂಜೋ ಕೈ ತೋರಿಸಿ, ಓಡುತ್ತವೆ.

ಒಸಾಕಾದ_ಕನ್ನಡತಿ
ಕಾಫಿಪುಡಿ ಅವರೇ, ಇಲ್ಲಿ ಜಪಾನಿನಲ್ಲಿ ಹೇಗೆ ಮಾಡುತ್ತಾರೆ ಹೇಳಲಾ? ಚಿಲ್‌ಚಿಲ್ ಅಂತ ಒಂದು ತಾಣ ಇದೆ, ಬಿಎಲ್ ಓದುಗರೇ ವಿಮರ್ಶೆ ಬರೆಯುವ ಜಾಗ. ಅಲ್ಲಿ ಹತ್ತಕ್ಕೆ ಎಂಟು, ಒಂಬತ್ತು ಅನ್ನುವ ಬದಲು ಐದು ದರ್ಜೆ ಇಟ್ಟಿದ್ದಾರೆ. ಎಲ್ಲಕ್ಕಿಂತ ಮೇಲೆ 'ಕಾಮಿ', ಅಂದರೆ ದೇವರು. ಅದರ ಕೆಳಗೆ 'ಮೊಯೆ ಗುಣಿಸು ಎರಡು'. ಅದರ ಕೆಳಗೆ ಬರೀ 'ಮೊಯೆ'. ಆಮೇಲೆ 'ತಟಸ್ಥ'. ಕೊನೆಗೆ 'ನನ್ನ ರುಚಿಯಲ್ಲ'. ಮೊಯೆ ಅಂದರೆ ಎದೆ ಝಲ್ ಅನ್ನುವುದು ಅಂತಿಟ್ಟುಕೊಳ್ಳಿ, ಕನ್ನಡದಲ್ಲಿ ಒಂದೇ ಪದ ನನಗೆ ಹೊಳೆಯುತ್ತಿಲ್ಲ.

ನನಗೆ ಇದರಲ್ಲಿ ಇಷ್ಟವಾದದ್ದು ಆ ಕೊನೇ ದರ್ಜೆ. 'ಕೆಟ್ಟದು' ಅಂತ ದರ್ಜೆಯೇ ಇಲ್ಲ. ನನ್ನ ರುಚಿಯಲ್ಲ, ಅಷ್ಟೇ. ಬೇರೆಯವರ ತಟ್ಟೆಗೆ ಕೈ ಹಾಕುವುದಿಲ್ಲ.

ಕಾಫಿಪುಡಿ
ಮೊಯೆ ಗುಣಿಸು ಎರಡು! ಅಕೌಂಟ್ಸ್‌ನವರೇ ಮಾಡಿರಬೇಕು.

ತುಂಗಾತೀರ
ಮಾರ್ಕ್ಸಿನ ಮಾತು ಬಂತಲ್ಲ, ಒಂದು ಹಳೆಯ ಕಥೆ ಹೇಳುತ್ತೇನೆ. ಹಾಗಿಯೋ ಮೋತೋ ಅವರ 'ತೋಮಾ ನೋ ಶಿಂಝೋ', ಇಂಗ್ಲಿಷಿನಲ್ಲಿ 'ದ ಹಾರ್ಟ್ ಆಫ್ ಥಾಮಸ್'. 1974ರಲ್ಲಿ ಹುಡುಗಿಯರ ಒಂದು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಜಪಾನಿನ ಪತ್ರಿಕೆಗಳಲ್ಲಿ ಓದುಗರ ಮತ ಎಣಿಸಿ ಯಾವ ಧಾರಾವಾಹಿ ಮುಂದುವರಿಯಬೇಕು ಅಂತ ತೀರ್ಮಾನ ಮಾಡುವ ಪದ್ಧತಿ ಇದೆ. ಇದರ ಮೊದಲ ಕಂತಿಗೆ ಸಿಕ್ಕಿದ್ದು ಕೊನೇ ಸ್ಥಾನ. ಬೇಗ ಮುಗಿಸಿ ಅಂತ ಸಂಪಾದಕರು ಹೇಳಿದರು. ಅದೇ ಹೊತ್ತಿಗೆ ಹಾಗಿಯೋ ಅವರ ಇನ್ನೊಂದು ಕೃತಿ 'ಪೋ ನೋ ಇಚಿಝೋಕು' ಪುಸ್ತಕವಾಗಿ ಬಂತು. ಮೊದಲ ಮುದ್ರಣದ 30,000 ಪ್ರತಿ ಮೂರೇ ದಿನದಲ್ಲಿ ಖಾಲಿ. ಹಾಗಾಗಿ ತೋಮಾ ಬದುಕಿಕೊಂಡಿತು. ಇವತ್ತು ಈ ಜಾತಿಯ ಕಥೆಗಳಿಗೆಲ್ಲ ಅಜ್ಜಿಯ ಸ್ಥಾನ ಅದಕ್ಕೆ. ಓದುಗರ ಮಾರ್ಕ್ಸ್ ನಂಬಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಜರ್ಮನಿಯ ಒಂದು ಹುಡುಗರ ಹಾಸ್ಟೆಲ್ ಶಾಲೆ. ಶುರುವಿನಲ್ಲೇ ತೋಮಾ ತೀರಿಹೋಗುತ್ತಾನೆ, ಯೂಲಿ ಅನ್ನುವ ಹುಡುಗನ ಕೈಗೆ ಅವನ ಪತ್ರ ಸೇರುತ್ತದೆ. ಅದಾಗಿ ಸ್ವಲ್ಪ ದಿನಕ್ಕೇ ತೋಮಾನದೇ ಮುಖದ ಎರಿಕ್ ಶಾಲೆಗೆ ಬರುತ್ತಾನೆ. ಸತ್ತವನ ಮುಖ ದಿನಾ ಬೆಂಚಿನ ಮೇಲೆ ಕೂತಿದ್ದರೆ ಯೂಲಿಗೆ ಹೇಗಾಗಬೇಡ. ಇಡೀ ಪುಸ್ತಕ ಅದೇ ಸಂಕಟ. ಪುಟದ ಜೋಡಣೆ ನೋಡಬೇಕು ನೀವು. ಮನಸ್ಸಿನ ಮಾತು ಗುಳ್ಳೆಯೊಳಗೆ ಇರುವುದಿಲ್ಲ, ಚೌಕಗಳ ಆಚೆ ಗಾಳಿಯಲ್ಲಿ ತೇಲುತ್ತದೆ. ಚೌಕದ ಗೆರೆ ಅಲ್ಲಲ್ಲಿ ಕರಗಿಹೋಗುತ್ತದೆ. ಆಗಿನ ಕೆಲವು ಲೇಖಕಿಯರು ಇದನ್ನೆಲ್ಲ ಪಳಗಿಸಿದರು. ಅವರನ್ನು '24ರ ಗುಂಪು' ಅನ್ನುತ್ತಾರೆ, ಹೆಚ್ಚಿನವರು ಶೋವಾ 24, ಅಂದರೆ 1949ರ ಆಸುಪಾಸಿನಲ್ಲಿ ಹುಟ್ಟಿದವರು. ಈಗ ಬರುವ ಬಿಎಲ್‌ಗಳು ಬಳಸುವುದು ಅವರು ಹಾಕಿಕೊಟ್ಟ ವ್ಯಾಕರಣವನ್ನೇ.

ಜೋಗ್_ಫಾಲ್ಸ್_ಸೆಲ್ಫಿ
ಸರ್, ಎಲ್ಲಾ ಶುರುವಾಗಿದ್ದು 'ಕಾಝೆ ತೋ ಕಿ ನೋ ಉತಾ' ಇಂದ ಅಲ್ವಾ? ತೋಮಾ ಆಮೇಲೆ ಬಂದಿದ್ದು.

ತುಂಗಾತೀರ
ಇಲ್ಲ ತಮ್ಮಾ. ಅದು ತಾಕೆಮಿಯಾ ಕೇಕೋ ಅವರದು, ಶುರುವಾದದ್ದು 1976ರಲ್ಲಿ, ಮುಗಿದದ್ದು 1984ರಲ್ಲಿ. ಆದರೆ ತಾಕೆಮಿಯಾ ಅವರದೇ ಒಂದು ಸಣ್ಣಕಥೆ 1970ರಲ್ಲೇ ಬಂದಿತ್ತು, ಹಾಗೆ ನೋಡಿದರೆ ಮೊದಲಿಗರು ಅವರೇ. ನಿಮ್ಮ ಮಾತಿನಲ್ಲಿ ಅರ್ಧ ಸತ್ಯ ಇದೆ.

ಜೋಗ್_ಫಾಲ್ಸ್_ಸೆಲ್ಫಿ
ಅರ್ಧಕ್ಕೆ 10ಕ್ಕೆ 5 ಹಾಕಿಕೊಳ್ಳಿ.

ಹುಬ್ಬಳ್ಳಿ_ಮಿರ್ಚಿ
'ಯಾವೋಯಿ' ಅನ್ನುವ ಪದದ ಮೂಲ ಯಾರೂ ಹೇಳಲಿಲ್ಲವಲ್ಲ! 'ಯಾಮಾ ನಾಶಿ, ಓಚಿ ನಾಶಿ, ಇಮಿ ನಾಶಿ'. ಏರಿಲ್ಲ, ಮುಕ್ತಾಯವಿಲ್ಲ, ಅರ್ಥವಿಲ್ಲ. 1970ರ ದಶಕದ ಕೊನೆಗೆ, ಸ್ವಂತ ದುಡ್ಡಿನಲ್ಲಿ ಪುಸ್ತಕ ಅಚ್ಚು ಹಾಕಿಸುತ್ತಿದ್ದ ಹೆಣ್ಣುಮಕ್ಕಳು ತಮ್ಮ ಕಥೆಗಳಿಗೆ ತಾವೇ ತಮಾಷೆಗೆ ಇಟ್ಟ ಹೆಸರು ಅದು. ಕಥೆಯ ಕಾಲಂನಲ್ಲಿ ಅವರೇ ಸೊನ್ನೆ ಹಾಕಿಕೊಂಡು ಕೂತಿದ್ದರು. ಇನ್ನು ನೀವೇನು ಮಾರ್ಕ್ಸ್ ಕಡಿಮೆ ಮಾಡುತ್ತೀರಿ?

ನಡುರಾತ್ರಿ_ಓದುಗ
ಎಲ್ಲರೂ ಗೆರೆ, ಚೌಕ, ಕುತ್ತಿಗೆ ಅನ್ನುತ್ತಿದ್ದೀರಿ. ನಾನು ಸ್ವಲ್ಪ ಬೇರೆ ಕಡೆಯಿಂದ ಬರುತ್ತೇನೆ. ನಾನು ಗೇ. ಹಾಗಾಗಿ ಈ ಪುಸ್ತಕಗಳನ್ನು ಓದುವಾಗ ನನ್ನ ಕಣ್ಣು ಮೊದಲು ಹೋಗುವುದೇ ಬೇರೆ ಕಡೆಗೆ. ಈ ಇಬ್ಬರು ಬಾಡಿಗೆ ಮನೆ ಹುಡುಕುವಾಗ ಓನರ್ ಏನು ಕೇಳಿದ? ಒಬ್ಬನಿಗೆ ಜ್ವರ ಬಂದರೆ ಅವನ ಅಮ್ಮನಿಗೆ ಫೋನ್ ಮಾಡುವವರು ಯಾರು? ಬಹಳ ಪುಸ್ತಕಗಳಲ್ಲಿ ಇದು ಯಾವುದೂ ಇಲ್ಲ. ಊರಲ್ಲಿ ಇವರಿಬ್ಬರನ್ನು ಬಿಟ್ಟರೆ ನರಪಿಳ್ಳೆಯೂ ಇಲ್ಲವೇನೋ ಅನ್ನುವ ಹಾಗಿರುತ್ತದೆ. ಜೊತೆಗೆ ಆ ಹಳೇ ಡೈಲಾಗು, "ನನಗೆ ಗಂಡಸರು ಇಷ್ಟ ಅಂತಲ್ಲ, ನೀನು ಮಾತ್ರ ಇಷ್ಟ". ಅದನ್ನು ಮೊದಲ ಸಲ ಓದಿದಾಗ ನನಗೆ ಹಿತವಾಗಿತ್ತು. ಹತ್ತನೇ ಸಲ ಓದಿದಾಗ, ಹಾಗಾದರೆ ನಾನ್ಯಾರು ಅನ್ನಿಸಿತು.

ಇದು ಹೊಸ ಜಗಳವೂ ಅಲ್ಲ. 1992ರಲ್ಲೇ ಜಪಾನಿನ 'ಶೋವಾಝೀರ್' ಅನ್ನುವ ಸಣ್ಣ ಸ್ತ್ರೀವಾದಿ ಪತ್ರಿಕೆಯಲ್ಲಿ ಸಾತೋ ಮಸಾಕಿ ಅನ್ನುವ ಗೇ ಕಾರ್ಯಕರ್ತ ಯಾವೋಯಿ ಓದುವ ಹೆಂಗಸರ ಮೇಲೆ ಹರಿಹಾಯ್ದಿದ್ದರು. ನಮ್ಮ ಬದುಕು ನಿಮಗೆ ಬೊಂಬೆಯಾಟವಾ ಅನ್ನುವ ಧಾಟಿಯಲ್ಲಿ. ಅದಕ್ಕೆ ಹೆಂಗಸರೂ ಉತ್ತರ ಕೊಟ್ಟರು, ವರ್ಷಗಟ್ಟಲೆ ನಡೆಯಿತು ಆ ವಾದ.

ನಾನು ಸಿಟ್ಟಿನಲ್ಲಿ ಹೇಳುತ್ತಿಲ್ಲ. ನನ್ನ ಕಪಾಟಿನಲ್ಲಿ ಮೊದಲ ಸಾಲಿನಲ್ಲಿರುವುದು ಯೊಶಿನಾಗಾ ಫುಮಿ ಅವರ 'ಕಿನೋ ನಾನಿ ತಾಬೆತಾ', ನಿನ್ನೆ ಏನು ಊಟ ಮಾಡಿದೆ ಅಂತ. ಶಿರೋ ವಕೀಲ, ಕೆಂಜಿ ತಲೆಗೂದಲು ಕತ್ತರಿಸುವವನು. ಇಬ್ಬರೂ ನಲವತ್ತು ದಾಟಿದವರು. ಶಿರೋ ಆಫೀಸಿನಲ್ಲಿ ಬಾಯಿ ಬಿಟ್ಟಿಲ್ಲ. ಕೆಂಜಿ ತನ್ನ ಸಲೂನಿನಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದಾನೆ. ಮೊದಲ ಜಗಳ ಅದಕ್ಕೇ. ಶಿರೋಗೆ ಜುಗ್ಗತನ. ತಿಂಗಳ ದಿನಸಿಗೆ 25,000 ಯೆನ್, ಅದರ ಮೇಲೆ ಒಂದು ಯೆನ್ ಹೆಚ್ಚಾದರೂ ಮುಖ ಸಪ್ಪೆ. ಒಂದು ದಿನ ಇಡೀ ಕಲ್ಲಂಗಡಿ ಅಗ್ಗಕ್ಕೆ ಸಿಗುತ್ತದೆ, ಇಬ್ಬರಿಗೆ ಅದು ಜಾಸ್ತಿ. ಅಂಗಡಿಯಲ್ಲೇ ಪರಿಚಯವೇ ಇಲ್ಲದ ಒಬ್ಬ ಗೃಹಿಣಿಯ ಜೊತೆ ಅರ್ಧರ್ಧ ಹಂಚಿಕೊಳ್ಳುತ್ತಾನೆ. ಮುಂದೆ ಅವಳು ಅವನ ಆಪ್ತ ಗೆಳತಿ ಆಗುತ್ತಾಳೆ. ಅರ್ಧ ಕಲ್ಲಂಗಡಿಯಿಂದ!

ಮುದ್ದಾಡುವ ಚಿತ್ರ ಅದರಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಪುಟಗಟ್ಟಲೆ ಈರುಳ್ಳಿ ಹೆಚ್ಚುವುದು, ಸೊಪ್ಪು ಬೇಯಿಸುವುದು, ಮಿಸೊ ಅನ್ನುವ ಸೋಯಾ ಹಿಟ್ಟು ಕದಡುವುದು. ಕೊನೆಗೆ ಇಬ್ಬರೂ ಎದುರುಬದುರು ಕೂತು ಉಣ್ಣುತ್ತಾರೆ, ಕೆಂಜಿ ರುಚಿಯಾಗಿದೆ ಅನ್ನುತ್ತಾನೆ. ನನಗೆ ಪ್ರೇಮದ ದೃಶ್ಯ ಅಂದರೆ ಅದೇ. ನಾನೂ ನನ್ನವನೂ ಆರು ವರ್ಷದಿಂದ ಒಟ್ಟಿಗೆ ಇದ್ದೇವೆ, ಪಕ್ಕದ ಮನೆಯವರಿಗೆ ಕಸಿನ್ಸ್. ರಾತ್ರಿ ಅವನು ಒಗ್ಗರಣೆ ಹಾಕುವಾಗ ಬರುವ ಇಂಗಿನ ವಾಸನೆ ಇದೆಯಲ್ಲ, ಅದನ್ನು ಯಾರಾದರೂ ಹೀಗೆ ಚಿತ್ರದಲ್ಲಿ ಬರೆದರೆ ನಾನು ಹತ್ತಕ್ಕೆ ಹನ್ನೊಂದು ಕೊಡುತ್ತೇನೆ.

ಪೆನ್ಸಿಲ್‌ತುದಿ
ನಡುರಾತ್ರಿ ಸರ್, ಕೊನೇ ಸಾಲು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಬರೆಯಲು ಪ್ರಯತ್ನ ಮಾಡುತ್ತೇನೆ. ಇಂಗಿನ ವಾಸನೆಗೆ ಯಾವ ಪೆನ್ಸಿಲ್ ಅಂತ ಮಾತ್ರ ಗೊತ್ತಿಲ್ಲ.

ಉಪ್ಪಿಟ್ಟುವಿರೋಧಿ
ಪುಸ್ತಕ ಒಳ್ಳೆಯದೇ, ಆದರೆ ಅದು ಬಿಎಲ್ ಅಲ್ಲವೇ ಅಲ್ಲ. 2007ರಿಂದ ಬರುತ್ತಿರುವುದು 'ಮಾರ್ನಿಂಗ್' ಪತ್ರಿಕೆಯಲ್ಲಿ, ದೊಡ್ಡ ಗಂಡಸರು ಓದುವ ವಾರಪತ್ರಿಕೆ ಅದು. ಹಾಗೆ ನೋಡಿದರೆ ತಾಗಾಮೆ ಗೆಂಗೊರೋ ಅವರ 'ಒತೊತೊ ನೋ ಒತ್ತೊ' ಕೂಡ ಬಿಎಲ್ ಅಲ್ಲ. ಬರೆದವರು ಸ್ವತಃ ಗೇ, ಪಾತ್ರಗಳು ಮೈತುಂಬ ಕೂದಲಿರುವ ದಪ್ಪ ಗಂಡಸರು. ಅದಕ್ಕೆ 2018ರಲ್ಲಿ ಅಮೆರಿಕದ ದೊಡ್ಡ ಕಾಮಿಕ್ಸ್ ಪ್ರಶಸ್ತಿ ಐಸ್ನರ್ ಕೂಡ ಬಂತು. ಒಳ್ಳೆಯದೆಲ್ಲ ಬಿಎಲ್, ಕೆಟ್ಟದ್ದೆಲ್ಲ ಬೇರೆ ಅಂತ ವಿಂಗಡಿಸಬೇಡಿ. ಬಿಎಲ್ ಅಂದರೆ ಕನಸು. ಕನಸಿನಲ್ಲಿ ಓನರ್ ಬಾಡಿಗೆ ಕೇಳುವುದಿಲ್ಲ. ದಿನವಿಡೀ ಆಫೀಸಿನಲ್ಲಿ ಬೈಸಿಕೊಂಡು ಬಂದವಳಿಗೆ ಅಷ್ಟೂ ಬೇಡವಾ?

ನಡುರಾತ್ರಿ_ಓದುಗ
ಕನಸು ಬೇಡ ಅಂದೆನಾ? ಕನಸು ಕಾಣುವವರು ಕಂಡವರ ಮನೆಯಲ್ಲಿ ಮಲಗಿದ್ದಾರೆ ಅಂತ ನೆನಪಿಸಿದೆ ಅಷ್ಟೇ.

ಉಪ್ಪಿಟ್ಟುವಿರೋಧಿ
ಸರಿ, ಅದು ನ್ಯಾಯ. ಒಪ್ಪಿಕೊಂಡೆ. (ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ, ದಿನಾ ಸಿಗುವುದಿಲ್ಲ.)

ಮಲೆನಾಡ_ಜಡಿಮಳೆ
ಕಥೆಯಲ್ಲಿ ನನಗೆ ಮಾರ್ಕ್ಸ್ ಸೊನ್ನೆ ಹಾಕಿಸುವುದು ಒಂದೇ. ಒಬ್ಬ ಬೇಡ ಬೇಡ ಅನ್ನುತ್ತಾನೆ, ಇನ್ನೊಬ್ಬ ಕೇಳುವುದಿಲ್ಲ, ಕೊನೆಗೆ ಅದನ್ನೇ ಪ್ರೀತಿ ಅನ್ನುತ್ತಾರೆ. ತೊಂಬತ್ತರ ದಶಕದಿಂದ ಇದು ರಾಶಿ ರಾಶಿ. ಚಿತ್ರ ಎಷ್ಟೇ ಚೆಂದ ಇರಲಿ, ನನಗೆ ಅಲ್ಲಿಗೆ ಪುಸ್ತಕ ಮುಚ್ಚಬೇಕು ಅನ್ನಿಸುತ್ತದೆ.

ಹುಬ್ಬಳ್ಳಿ_ಮಿರ್ಚಿ
ಇದಕ್ಕೆ ನಾನೂ ಕೈ ಎತ್ತುತ್ತೇನೆ. ಆದರೆ ಯೊನೆದಾ ಅವರದೇ 'ಸಾಯೆಝುರು ತೋರಿ ವಾ ಹಬಾತಕನಾಯ್' ಓದಿದ್ದೀರಾ? ಯಾಕುಝಾ, ಅಂದರೆ ಜಪಾನಿನ ಭೂಗತ ಗುಂಪಿನ ಯಾಶಿರೋ, ಅವನ ಅಂಗರಕ್ಷಕ ದೋಮೆಕಿ, ಹಿಂದೆ ಪೊಲೀಸ್ ಆಗಿದ್ದವನು. 2011ರಿಂದ ಬರುತ್ತಿದೆ. ಅದರಲ್ಲಿ ಹಿಂಸೆ ಬೇಕಾದಷ್ಟಿದೆ, ಆದರೆ ಅದನ್ನು ಪ್ರೀತಿ ಅಂತ ಮಾರುವುದಿಲ್ಲ. ಯಾಶಿರೋಗೆ ಚಿಕ್ಕಂದಿನಲ್ಲಿ ಆದ ಗಾಯ ಅವನ ಇವತ್ತಿನ ನಗುವಿನಲ್ಲಿ ಕಾಣಿಸುತ್ತದೆ. ಬಾಯಿ ನಗುತ್ತಿರುತ್ತದೆ, ಕಣ್ಣು ಎಲ್ಲೋ ಇರುತ್ತದೆ. ಕತ್ತಲ ವಿಷಯ ಬರೆಯಬಾರದು ಅಂತಲ್ಲ, ಕತ್ತಲನ್ನು ಕತ್ತಲು ಅಂತ ಗೊತ್ತಿದ್ದು ಬರೆದಿದ್ದಾರಾ ಅಂತ ನೋಡಬೇಕು. ದೊಡ್ಡವರಿಗೆ ಮಾತ್ರ, ಹೇಳಿಬಿಟ್ಟೆ.

ಕಾಫಿಪುಡಿ ಅಕ್ಕಾ, 'ನೋ ಟಚಿಂಗ್'ಗೆ ನೀವು ಕೊಟ್ಟ 6 ಮತ್ತು 6ಕ್ಕೆ ಬರುತ್ತೇನೆ. ನೀವು ಓದಿದ್ದು ಇಂಗ್ಲಿಷಿನಲ್ಲಿ ಅಲ್ವಾ? ಅಲ್ಲೇ ಎರಡು ಮಾರ್ಕ್ಸ್ ಹೋಗಿದೆ. ಶಿಮಾ ತನ್ನ ಬಾಸ್ ತೊಗಾವಾ ಹತ್ತಿರ ಜಪಾನಿಯಲ್ಲಿ ಆಡುವುದು ಪೂರ್ತಿ ಮರ್ಯಾದೆಯ ಭಾಷೆ. ತೊಗಾವಾ ತಿರುಗಿ ಆಡುವುದು ಸಲಿಗೆಯಲ್ಲಿ. ಇಂಗ್ಲಿಷಿನಲ್ಲಿ ಇಬ್ಬರಿಗೂ 'ಯೂ'. ಮನಸ್ಸಿನಲ್ಲೇ ಕನ್ನಡ ಮಾಡಿಕೊಂಡು ಓದಿ ನೋಡಿ. ಅವನು ಇವನಿಗೆ 'ನೀನು', ಇವನು ಅವನಿಗೆ ಮೊದಲಿಂದ ಕೊನೇ ತನಕ 'ನೀವು'. ಎಷ್ಟು ಹತ್ತಿರ ಬಂದರೂ 'ನೀವು'. ಆ ಒಂದು ಅಕ್ಷರದಲ್ಲಿ ಅವನ ಭಯ ಎಲ್ಲಾ ಕೂತಿದೆ. ಹಿಂದಿನ ಆಫೀಸಿನಲ್ಲಿ ಒಬ್ಬ ಸಹೋದ್ಯೋಗಿಯನ್ನು ನಂಬಿ ಮನಸ್ಸು ಮುರಿದುಕೊಂಡು ಬಂದವನು ಅವನು, ಸಲಿಗೆ ಅಂದರೇ ಬೆಚ್ಚುತ್ತಾನೆ.

ಕಾಫಿಪುಡಿ
ಅಯ್ಯೋ. ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮ ಅಪ್ಪ ಅಮ್ಮನಿಗೆ 'ನೀನು', ಅಮ್ಮ ಅಪ್ಪನಿಗೆ ಇವತ್ತಿಗೂ 'ನೀವು'. ಮೂವತ್ತೈದು ವರ್ಷದಿಂದ.

ಜೋಗ್_ಫಾಲ್ಸ್_ಸೆಲ್ಫಿ
ನನಗೆ ಇಷ್ಟವಾದ ಬಿಎಲ್ ಅಂದರೆ 'ಗಿವನ್'. 2019ರಲ್ಲಿ ಬಂದ ಅದರ ಅನಿಮೆ, ಅಂದರೆ ಕಾರ್ಟೂನ್ ಸರಣಿ ನೋಡಿ ಅತ್ತಿದ್ದೆ. ಮಂಗಾ ಓದಿದರೆ ಅಷ್ಟು ತಟ್ಟಲಿಲ್ಲ. ಹಾಡಿನ ಕಥೆಯನ್ನು ಪುಸ್ತಕದಲ್ಲಿ ಬರೆದು ಏನು ಪ್ರಯೋಜನ, ಹಾಡೇ ಕೇಳಿಸುವುದಿಲ್ಲ!

ಒಸಾಕಾದ_ಕನ್ನಡತಿ
ಕೇಳಿಸದೇ ಇರುವುದೇ ಅದರ ಗುಟ್ಟು ಅಲ್ವಾ. ಕಿಝು ನಾತ್ಸುಕಿ ಅವರು ಶುರು ಮಾಡುವುದು ಹೇಗೆ ನೆನಪಿದೆಯಾ? ಶಾಲೆಯ ಮೆಟ್ಟಿಲ ಮೇಲೆ ಮಾಫುಯು ಗಿಟಾರ್ ತಬ್ಬಿಕೊಂಡು ನಿದ್ದೆ ಮಾಡುತ್ತಿದ್ದಾನೆ. ಗಿಟಾರಿನ ತಂತಿ ತುಕ್ಕು ಹಿಡಿದು ಕಿತ್ತುಹೋಗಿದೆ. ಅದು ಅವನ ಸತ್ತ ಗೆಳೆಯನ ಗಿಟಾರು. ರಿತ್ಸುಕಾ ತಂತಿ ಸರಿ ಮಾಡಿಕೊಡುತ್ತಾನೆ. ತುಕ್ಕು ಹಿಡಿದ ತಂತಿಯನ್ನು ಪುಟದಲ್ಲಿ ನೋಡಿದಾಗ ನನಗೆ ಕೇಳಿಸಿದ ಸದ್ದು ಬೇರೆ, ನಿಮಗೆ ಕೇಳಿಸಿದ್ದು ಬೇರೆ. ಅನಿಮೆ ಬಂದ ಮೇಲೆ ಎಲ್ಲರಿಗೂ ಒಂದೇ ಹಾಡು. ಹಾಡು ಒಳ್ಳೆಯದೇ, ನನ್ನ ಫೋನಿನಲ್ಲೂ ಇದೆ. ಆದರೆ ನನ್ನದು ಅಂತ ಇದ್ದ ಹಾಡು ಹೋಯಿತು.

ಜೋಗ್_ಫಾಲ್ಸ್_ಸೆಲ್ಫಿ
ನಿಮಗೆ ಹಾಡು ಕೇಳಿಸಿತು, ನನಗೆ ಪುಟ ತಿರುಗಿಸುವ ಸದ್ದು ಕೇಳಿಸಿತು. ನನ್ನ ರುಚಿಯಲ್ಲ ದರ್ಜೆ.

ಒಸಾಕಾದ_ಕನ್ನಡತಿ
ಹ್ಹ ಹ್ಹ, ಕಲಿತುಬಿಟ್ಟಿರಿ.

ಇನ್ನೊಂದು ಹೇಳಿ ಹೋಗುತ್ತೇನೆ, ನಾಳೆ ಬೆಳಿಗ್ಗೆ ಕೆಲಸ ಇದೆ. ಬಿಎಲ್ ಓದುಗರ ಬಗ್ಗೆಯೇ ಒಂದು ಮಂಗಾ ಇದೆ, ತ್ಸುರುತಾನಿ ಕಾಓರಿ ಅವರ 'ಮೆತಾಮೊರುಫೋಝೆ ನೋ ಎಂಗಾವಾ', ಐದೇ ಸಂಪುಟ. 75 ವರ್ಷದ ಒಬ್ಬ ಅಜ್ಜಿ, ಗಂಡ ತೀರಿಕೊಂಡಿದ್ದಾರೆ, ಮನೆಯಲ್ಲೇ ಕುಂಚದ ಬರವಣಿಗೆ ಹೇಳಿಕೊಡುತ್ತಾರೆ. ಪುಸ್ತಕದಂಗಡಿಯಲ್ಲಿ ಮುಖಪುಟದ ಚಿತ್ರ ಚೆಂದ ಇದೆ ಅಂತ ಒಂದು ಪುಸ್ತಕ ಕೊಳ್ಳುತ್ತಾರೆ. ಮನೆಗೆ ಹೋಗಿ ನೋಡಿದರೆ ಬಿಎಲ್! ಮುಂದೇನಾಯಿತು ಅಂತ ತಡೆಯಲಾಗದೆ ಎರಡನೇ ಸಂಪುಟಕ್ಕೆ ಮತ್ತೆ ಅದೇ ಅಂಗಡಿಗೆ. ಅಲ್ಲಿ ಕೆಲಸಕ್ಕಿರುವ ಹೈಸ್ಕೂಲ್ ಹುಡುಗಿಯೂ ಕದ್ದುಮುಚ್ಚಿ ಬಿಎಲ್ ಓದುವವಳೇ. ಇಬ್ಬರೂ ಗೆಳತಿಯರಾಗುತ್ತಾರೆ. ಮುಂದಿನ ಸಂಪುಟ ಬರಲು ಇಷ್ಟು ಸಮಯ ಆಗುತ್ತದೆ ಅಂದರೆ ನಾನು ಇನ್ನು ಎಷ್ಟು ಸಂಪುಟ ಓದಬಹುದು ಅಂತ ಅಜ್ಜಿ ಬೆರಳು ಮಡಚಿ ಲೆಕ್ಕ ಹಾಕುತ್ತಾರೆ. ಕಾಫಿಪುಡಿ, ಲೆಕ್ಕ ಅಂದರೆ ಅದು.

ಮುಖಪುಟ ನೋಡಿ ಪುಸ್ತಕ ಕೊಳ್ಳಬಾರದು ಅನ್ನುತ್ತಾರಲ್ಲ. ಅಜ್ಜಿ ಕೊಂಡರು, ಏನೂ ನಷ್ಟವಾಗಲಿಲ್ಲ.

ಬಿಕಾಂ_ಫೇಲ್
ಅದು ಎಲ್ಲಿ ಸಿಗುತ್ತದೆ? ಇಂಗ್ಲಿಷಿನಲ್ಲಿ ಇದೆಯಾ? ನಮ್ಮಜ್ಜಿಗಲ್ಲ, ನನಗೇ.

ಒಸಾಕಾದ_ಕನ್ನಡತಿ
ಇಂಗ್ಲಿಷಿನಲ್ಲಿ ಬಂದಿದೆ, 'ಬಿಎಲ್ ಮೆಟಮಾರ್ಫೊಸಿಸ್' ಅಂತ ಹುಡುಕಿ. ದುಡ್ಡು ಕೊಟ್ಟು ಓದಿ ದಯವಿಟ್ಟು.

ಉಪ್ಪಿಟ್ಟುವಿರೋಧಿ
ದುಡ್ಡು ಕೊಟ್ಟು ಅನ್ನುವುದು ಸುಲಭ. ನಾನು ಒಂದು ಆನ್‌ಲೈನ್ ಅಂಗಡಿಯಲ್ಲಿ ಮೂರು ಸಂಪುಟ ತರಿಸಿದೆ. ಮೊದಲನೆಯದು ಬರಲೇ ಇಲ್ಲ, ಎರಡನೆಯದು ಎರಡು ಪ್ರತಿ ಬಂತು, ಮೂರನೆಯದಕ್ಕೆ ಮಳೆ ನೀರು ಕುಡಿಸಿ ಕಳಿಸಿದ್ದರು. ಕಥೆಯ ಆರಂಭ ಹೇಗಿದೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ, ಆದರೆ ಮಧ್ಯಭಾಗ ಬಾಯಿಪಾಠ.

ತುಂಗಾತೀರ
ಏರಿಲ್ಲ, ಮುಕ್ತಾಯವಿಲ್ಲ, ಅರ್ಥವಿಲ್ಲ. ನಿಮಗೆ ಸಿಕ್ಕಿದ್ದು ಅಪ್ಪಟ ಯಾವೋಯಿ.

ಕಾಫಿಪುಡಿ
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ 'ನೋ ಟಚಿಂಗ್' ಐದನೇ ಸಲ ಓದಿದೆ, ಮಿರ್ಚಿ ಹೇಳಿದ ಹಾಗೆ 'ನೀವು' ಹಾಕಿಕೊಂಡು. ಲಿಫ್ಟಿನಲ್ಲಿ ಅವರಿಬ್ಬರೂ ಮೊದಲ ಸಲ ಸಿಗುತ್ತಾರಲ್ಲ, ಶಿಮಾಗೆ ಹೊಸ ಕೆಲಸದ ಮೊದಲ ದಿನ, ಪಕ್ಕದವನ ಮೈಯೆಲ್ಲ ರಾತ್ರಿ ಕುಡಿದ ವಾಸನೆ. ಇವನೇ ತನ್ನ ಬಾಸು ಅಂತ ಶಿಮಾಗೆ ಇನ್ನೂ ಗೊತ್ತಿಲ್ಲ. ಆ ಪುಟಗಳನ್ನು ನಾನು ಯಾವಾಗಲೂ ಓಡಿಸಿಕೊಂಡು ಹೋಗುತ್ತಿದ್ದೆ, ಏನೂ ನಡೆಯುವುದಿಲ್ಲ ಅಂತ. ಈ ಸಲ ನಿಧಾನಕ್ಕೆ ನೋಡಿದೆ. ಲಿಫ್ಟು ಎಷ್ಟು ಇಕ್ಕಟ್ಟು! ಶಿಮಾಗೆ ಎಲ್ಲಿ ನೋಡಬೇಕು ಅಂತ ಗೊತ್ತಾಗದೆ ಇರುವುದು ಅಲ್ಲಿಂದಲೇ ಶುರುವಾಗುತ್ತದೆ. ಆಮೇಲೆ ಪುಸ್ತಕದುದ್ದಕ್ಕೂ ಅವನು ಕಣ್ಣು ತಪ್ಪಿಸುತ್ತಲೇ ಇರುತ್ತಾನೆ. ಹಾಗಾಗಿ ಅವನು ನೇರವಾಗಿ ನೋಡುವ ಚೌಕ ಬಂದಾಗ ನನ್ನ ಕೈಯಲ್ಲಿದ್ದ ಬಿಸ್ಕೆಟ್ ಕಾಫಿಗೆ ಬಿತ್ತು. ಎಲ್ಲರೂ ಒಂದೇ ಥರ ಅಂತ ಷರಾ ಬರೆದವಳು ನಾನು. ಹೊಡೆದು ಹಾಕಿದೆ.

ಕಾಲಂ ಎರಡನ್ನೂ ಹಾಗೇ ಬಿಟ್ಟಿದ್ದೇನೆ, ಅಭ್ಯಾಸ ಬಿಡುವುದಿಲ್ಲ. ಪಕ್ಕದಲ್ಲಿ ಮೂರನೆಯದು ಹಾಕಿದ್ದೇನೆ: ಎಷ್ಟು ಸಲ ಓದಿದೆ.

ಪೆನ್ಸಿಲ್‌ತುದಿ
ಈಗ ಲೆಕ್ಕ ಕೂಡಿತು.

ಬಿಕಾಂ_ಫೇಲ್
ಮೂರನೇ ಕಾಲಂನಲ್ಲಿ ಪಾಸಾಗಲು ಎಷ್ಟು ಬೇಕು? ಗ್ರೇಸ್ ಮಾರ್ಕ್ಸ್ ಉಂಟಾ?

ಮಲೆನಾಡ_ಜಡಿಮಳೆ
ಅಪ್‌ಡೇಟ್. ನಡುರಾತ್ರಿ ಅವರು ಹೇಳಿದ 'ಕಿನೋ ನಾನಿ ತಾಬೆತಾ' ಮೊದಲ ಸಂಪುಟ ಗೆಳತಿಯಿಂದ ತಂದು ಟೇಬಲ್ ಮೇಲೆ ಇಟ್ಟಿದ್ದೆ. ಅಡುಗೆ ಪುಸ್ತಕ ಅಂದುಕೊಂಡು ಅಮ್ಮ ಎತ್ತಿಕೊಂಡಿದ್ದಾರೆ. ಬಲದಿಂದ ಎಡಕ್ಕೆ ಓದಬೇಕು ಅಂತ ಹೇಳುವುದು ಮರೆತೆ. ಈಗ ಅಡುಗೆಮನೆಯಿಂದ ಕೂಗುತ್ತಿದ್ದಾರೆ, "ಇದೇನೇ, ಮೊದಲು ಊಟ ಮಾಡ್ತಾರೆ, ಆಮೇಲೆ ಬೇಯಿಸ್ತಾರೆ, ಕೊನೆಗೆ ತರಕಾರಿ ತಗೊಂಡು ಹೋಗಿ ಅಂಗಡಿಗೆ ವಾಪಸ್ ಕೊಡ್ತಾನಲ್ಲ!"